ತಾರೀಕು ಹೊಂದಿಸುವ ಸಣ್ಣಮ್ಮ

ಬೆಳಗಿನ ಐದು ಗಂಟೆ. ಚೆನ್ನೈನ ವೇಲಚೇರಿಯಿಂದಾಚೆ, ಜೌಗು ನೆಲದ ಅಂಚಿಗೆ ಸಾಲಾಗಿ ನಿಂತ ಎಂಟು ಮಹಡಿಯ ಬ್ಲಾಕುಗಳಲ್ಲಿ ಒಂದರ ಮೆಟ್ಟಿಲು ಹತ್ತುತ್ತಿದ್ದಾರೆ ಸಣ್ಣಮ್ಮ. ಲಿಫ್ಟ್ ಕೆಟ್ಟು ಇಪ್ಪತ್ತು ದಿನವಾಯಿತು. ಕೆಟ್ಟಿದೆ ಎಂದು ಬರೆದು ಅಂಟಿಸಿದ್ದ ಕಾಗದವೂ ಈಗ ಹರಿದುಹೋಗಿದೆ. ಆರನೇ ಮಹಡಿಯಲ್ಲಿ ನಿಂತು, ಐವತ್ನಾಲ್ಕು ವರ್ಷದ ಮಂಡಿಗಳಿಗೆ ಒಂದು ನಿಮಿಷ ಬಿಡುವು ಕೊಟ್ಟು ಬಾಗಿಲು ತಟ್ಟುತ್ತಾರೆ. ಒಳಗೆ ಸೀತಾ ಒದ್ದೆ ಟವೆಲಿನಿಂದ ಮಗಳು ಶ್ರೀಯಾಳ ಮುಖ ಒರೆಸುತ್ತಿದ್ದಾಳೆ. ಮಗು ಕೂತಲ್ಲೇ ತೂಕಡಿಸುತ್ತಿದೆ. ಸೀತಾಳ ಅತ್ತೆ ಗೋಡೆಗೆ ಒರಗಿಕೊಂಡು, ಪಾಪ ಮಲಗಲಿ ಬಿಡು ಎಂದು ಮೂರನೇ ಸಲ ಹೇಳುತ್ತಿದ್ದಾರೆ.

ಮಲಗುವಂತಿಲ್ಲ. ಶ್ರೀಯಾಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಇವತ್ತು ಒಂಬತ್ತಕ್ಕೆ ನಗರದ ಮಧ್ಯದ ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೊಂದು ಪರೀಕ್ಷೆಯಿದೆ. ತಲೆಗೆ ತಂತಿ ಅಂಟಿಸಿ, ಶಬ್ದ ಮಿದುಳಿಗೆ ಎಷ್ಟು ಮುಟ್ಟುತ್ತದೆಂದು ಯಂತ್ರದಲ್ಲಿ ನೋಡುತ್ತಾರೆ. ಆಗ ಮಗು ಗಾಢ ನಿದ್ದೆಯಲ್ಲಿರಬೇಕು. ಅದಕ್ಕೇ ಮೂರೂವರೆಗೆ ಎಬ್ಬಿಸಿ, ದಾರಿಯುದ್ದಕ್ಕೂ ನಿದ್ದೆಗೆಡಿಸಿ ಕರೆತನ್ನಿ ಎಂದಿದ್ದಾರೆ. ತಾಯಂದಿರು ಇದನ್ನು ‘ನಿದ್ದೆ ಟೆಸ್ಟು’ ಎನ್ನುತ್ತಾರೆ. ಹಿಂದೊಮ್ಮೆ ಶ್ರೀಯಾ ದಾರಿಯಲ್ಲೇ ನಿದ್ದೆ ಮುಗಿಸಿ, ಆಸ್ಪತ್ರೆಯಲ್ಲಿ ಕಣ್ಣರಳಿಸಿ ಕೂತು, ಮೂರು ತಿಂಗಳು ಕಾದು ಪಡೆದ ತಾರೀಕನ್ನು ಕಳೆದಿದ್ದಳು. ಹನ್ನೊಂದು ದಿನ ಕಳೆದರೆ ಅವಳಿಗೆ ಆರು ತುಂಬುತ್ತದೆ. ಅಷ್ಟರೊಳಗೆ ಈ ಪರೀಕ್ಷೆಯ ಚೀಟಿ ಫೈಲಿಗೆ ಸೇರದಿದ್ದರೆ ಕಿವಿ ಕೇಳಿಸುವಂತೆ ಮಾಡುವ ಉಚಿತ ಆಪರೇಷನ್ನಿನ ಪಟ್ಟಿಯಲ್ಲಿ ಹೆಸರಿರುವುದಿಲ್ಲ ಎಂದು ಆಸ್ಪತ್ರೆಯವರು ಮೊದಲೇ ತಿಳಿಸಿದ್ದಾರೆ.

ಇಷ್ಟೇ ಆಗಿದ್ದರೆ ಸಣ್ಣಮ್ಮನಿಗೆ ಇಷ್ಟು ದಿಗಿಲಿರುತ್ತಿರಲಿಲ್ಲ. ಸೀತಾ ಮೂರು ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕುತ್ತಲೇ ಆರು ತಿಂಗಳ ತರಬೇತಿ ಮುಗಿಸಿದ್ದಾಳೆ. ಆಪರೇಷನ್ ಕೋಣೆಯ ಕತ್ತರಿ ಚಿಮ್ಮಟಗಳನ್ನು ತೊಳೆದು, ಹಬೆಯಲ್ಲಿ ಶುದ್ಧಮಾಡಿ, ಜೋಡಿಸಿಕೊಡುವ ಕೆಲಸ ಅದು. ವೇಲಚೇರಿಯ ಒಂದು ಖಾಸಗಿ ಆಸ್ಪತ್ರೆ ಇಪ್ಪತ್ನಾಲ್ಕು ಮಂದಿಯಲ್ಲಿ ಎಂಟು ಜನರನ್ನು ಕಾಯಂ ಮಾಡಿಕೊಳ್ಳುತ್ತದೆ. ಅದರ ಸಂದರ್ಶನವೂ ಇವತ್ತೇ, ಹನ್ನೊಂದಕ್ಕೆ. ಮಗಳ ಕಿವಿ ಒಂದು ಕಡೆ, ತಾಯಿಯ ಕೆಲಸ ಒಂದು ಕಡೆ. ನಡುವೆ ಚೆನ್ನೈನ ಅರ್ಧ ಊರು.

ಇಂಥ ಗಂಟುಗಳನ್ನು ಬಿಡಿಸುವುದೇ ಸಣ್ಣಮ್ಮನ ಕಸುಬು. ಒಂದು ಪುಟ್ಟ ಸೇವಾಸಂಸ್ಥೆಯಲ್ಲಿ ಗುತ್ತಿಗೆಯ ಮೇಲಿದ್ದಾರೆ. ಕೊರಳ ಕಾರ್ಡಿನಲ್ಲಿ ‘ಕುಟುಂಬ ಸಂಯೋಜಕಿ’ ಎಂದಿದೆ. ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಕನ್ನಡದ ಮನೆಗಳಿಗೆ ಅವರು ಸಣ್ಣಕ್ಕ, ತಮಿಳು ಮನೆಗಳಿಗೆ ‘ತೇದಿ ಅಕ್ಕಾ’, ಅಂದರೆ ತಾರೀಕಿನ ಅಕ್ಕ. ನಾಲ್ಕು ಬ್ಲಾಕುಗಳ ಅರವತ್ಮೂರು ಕುಟುಂಬಗಳು ಅವರ ಪಾಲಿಗಿವೆ. ದಿನಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಫೋನು, ಮೂವತ್ತು ಮೂವತ್ತೈದು ಮಹಡಿ ಹತ್ತಿಳಿಯುವುದು. ಚುಚ್ಚುಮದ್ದಿನ ದಿನವೇ ಶಾಲೆಯಲ್ಲಿ ಪೋಷಕರ ಸಭೆ, ಸಕ್ಕರೆ ಕಾಯಿಲೆಯ ತಪಾಸಣೆಯ ದಿನವೇ ತರಬೇತಿಯ ಪರೀಕ್ಷೆ, ಹೀಗೆ ತಿಂಗಳಿಗೆ ಇಪ್ಪತ್ತೈದಾದರೂ ತಾರೀಕುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಕಚೇರಿಗಳು ಬಹಳ ಶ್ರದ್ಧೆಯಿಂದ ಪಾಲಿಸುತ್ತಿವೆ.

ಸಣ್ಣಮ್ಮ ಓದಿದ್ದು ಕೊಳ್ಳೇಗಾಲದ ಕಡೆಯ ಹಳ್ಳಿಯಲ್ಲಿ ಐದನೆಯ ಕ್ಲಾಸು. ತಮಿಳು ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಇಂದಿಗೂ ತೊಡಕು. ಹಾಗಾಗಿ ಅವರೊಂದು ಉಪಾಯ ಮಾಡಿದ್ದಾರೆ. ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್. ಆಸ್ಪತ್ರೆಯ ದಿನಕ್ಕೆ ಕೆಂಪು ಸ್ಟಿಕ್ಕರ್ ಬೊಟ್ಟು, ಶಾಲೆಯ ದಿನಕ್ಕೆ ಹಸಿರು, ಕೆಲಸದ ದಿನಕ್ಕೆ ಕಪ್ಪು. ಒಂದೇ ಚೌಕದಲ್ಲಿ ಎರಡು ಬಣ್ಣ ಬಿದ್ದರೆ ಓದು ಬಾರದ ಅಜ್ಜಿಯೂ ಬಾಗಿಲಲ್ಲಿ ನಿಂತು ಸಣ್ಣಮ್ಮನನ್ನು ಕೂಗುತ್ತಾಳೆ.

ಇನ್ನೊಂದು ಉಪಾಯಕ್ಕೆ ಎರಡು ವರ್ಷ ಹಿಡಿಯಿತು. ತಿಂಗಳ ಮೊದಲ ಶನಿವಾರ ರೇಷನ್ ಅಂಗಡಿಯ ಜಗಲಿಯಲ್ಲಿ ಆರೋಗ್ಯ ಕೇಂದ್ರದ ನರ್ಸು, ಶಾಲೆಯ ಟೀಚರು, ತರಬೇತಿ ಕೇಂದ್ರದ ಗುರುಚರಣ ಮೂವರೂ ಒಂದು ಗಂಟೆ ಕೂತು ತಾರೀಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಮೊದಲ ಐದು ತಿಂಗಳು ಒಬ್ಬರೂ ಬರಲಿಲ್ಲ. ಅವರಿಗೆಂದು ತಂದ ವಡೆಯನ್ನು ಸಣ್ಣಮ್ಮ ಒಬ್ಬರೇ ಕೂತು ತಿಂದರು. ಈಗ ಆಸ್ಪತ್ರೆಯ ಚೀಟಿ ತೋರಿಸಿದರೆ ತರಬೇತಿ ಕೇಂದ್ರದಲ್ಲಿ ಹಾಜರಿ ಸಿಗುತ್ತದೆ, ಪೋಷಕರ ಸಭೆಯ ದಿನ ಶಾಲೆಯಲ್ಲೇ ಚುಚ್ಚುಮದ್ದು ಹಾಕುತ್ತಾರೆ. ಆದರೆ ದೊಡ್ಡ ಆಸ್ಪತ್ರೆಗಳೂ ಕಂಪನಿಗಳೂ ಈ ಜಗಲಿಗೆ ಇಳಿದು ಬರುವುದಿಲ್ಲ.

ಆರು ಗಂಟೆಯ ಹೊತ್ತಿಗೆ ವೇಲಚೇರಿ ಸ್ಟೇಷನ್ನಿನಿಂದ ಹೊರಟ ರೈಲಿನಲ್ಲಿ ನಿಜವಾದ ಕಷ್ಟ ಶುರುವಾಗುತ್ತದೆ. ತಣ್ಣನೆಯ ಗಾಳಿ, ಗಾಡಿಯ ತೂಗಾಟ. ದೊಡ್ಡವರಿಗೇ ಕಣ್ಣು ಎಳೆಯುತ್ತದೆ. ಬೇರೆ ಮಕ್ಕಳಾದರೆ ಹಾಡಿ, ಗದರಿ ಎಚ್ಚರವಿಡಬಹುದು. ಇವಳಿಗೆ ಮುಟ್ಟಿಯೇ ಹೇಳಬೇಕು. ಸಣ್ಣಮ್ಮ ಅಂಗಾಲಿಗೆ ಕಚಗುಳಿಯಿಡುತ್ತಾರೆ, ಹುಬ್ಬು ಕುಣಿಸುತ್ತಾರೆ, ಬಾಯಿಗೆ ಹುಳಿ ಮಿಠಾಯಿ ಇಡುತ್ತಾರೆ. ಮಗುವಿನ ರೆಪ್ಪೆ ಒಂದು ಕ್ಷಣ ಮುಚ್ಚಿದರೆ ಸಾಕು, ಅವರ ಕೈ ಮತ್ತೆ ಅಂಗಾಲಿಗೆ ಹೋಗುತ್ತದೆ. ಎದುರು ಸೀಟಿನ ಹೆಂಗಸು ಮಗುವನ್ನು ಯಾಕೆ ಗೋಳುಹೊಯ್ದುಕೊಳ್ಳುತ್ತೀರಿ ಎಂದು ತಮಿಳಿನಲ್ಲಿ ಗದರುತ್ತಾಳೆ. ಸಣ್ಣಮ್ಮ ವಿಷಯ ಹೇಳಿದ ಮೇಲೆ ಅವಳೂ ಬಳೆ ಆಡಿಸಿ ತೋರಿಸುತ್ತಾ ಈ ಕೆಲಸಕ್ಕೆ ಸೇರಿಕೊಳ್ಳುತ್ತಾಳೆ.

ಈ ಹೆಂಗಸಿಗೆ ಯಾಕೆ ಇಷ್ಟು ಸಂಕಟ ಎಂದು ತಿಳಿಯಬೇಕಾದರೆ ಅವರ ಮಗಳು ನೇಹಾಳ ಕಥೆ ಕೇಳಬೇಕು. ಹತ್ತೊಂಬತ್ತಕ್ಕೆ ಮದುವೆಯಾಗಿ ತಾಂಬರಕ್ಕೆ ಬಂದವರು ಸಣ್ಣಮ್ಮ. ಗಂಡ ರೈಲ್ವೆ ಗುತ್ತಿಗೆಯಲ್ಲಿ ಕೂಲಿ. ನೇಹಾ ಎಂಟನೇ ಕ್ಲಾಸಿನಲ್ಲಿದ್ದಾಗ ಗಂಡನ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಎರಡು ದಿನ ಆಸ್ಪತ್ರೆ, ಜೊತೆಗೊಬ್ಬರು ಇರಲೇಬೇಕು. ಚರ್ಮದ ಕಾರ್ಖಾನೆಯಲ್ಲಿದ್ದ ಸಣ್ಣಮ್ಮ ಎರಡು ದಿನ ತಪ್ಪಿಸಿದರೆ ಗೇಟಿನ ಹೊರಗೆ. ಹಾಗಾಗಿ ಹುಡುಗಿ ಅಪ್ಪನ ಪಕ್ಕ ಕೂತಳು. ಹಾಜರಿ ಸಾಲದೆ ಶಾಲೆಯಲ್ಲಿ ಹೆಸರು ಹೋಯಿತು. ಅಪ್ಪ ಮತ್ತೆ ನಾಲ್ಕು ವರ್ಷ ಬದುಕಿದ್ದರು.

“ಆಸ್ಪತ್ರೆಯವರು ಹೇಳಿದ್ದೂ ಸರಿ, ಇಸ್ಕೂಲವರು ಹೇಳಿದ್ದೂ ಸರಿ, ಕಂಪ್ನಿಯವರದ್ದೂ ಸರಿನೇ. ಮೂರು ಜನ ಸರಿಯಾಗಿದ್ದೂ ನನ್ ಮಗಳ ಓದು ಹೋಯ್ತು” ಎನ್ನುತ್ತಾರೆ ಸಣ್ಣಮ್ಮ. ನೇಹಾಳಿಗೆ ಈಗ ಮೂವತ್ತೊಂದು. ತಾಂಬರದ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುತ್ತಾಳೆ. ಅಮ್ಮ ಈ ಮಾತೆತ್ತಿದರೆ ‘ವಿಡುಮ್ಮಾ’ ಎಂದು ತಮಿಳಿನಲ್ಲೇ ಮುಗಿಸುತ್ತಾಳೆ. “ಬಿಡಮ್ಮಾ ಅಂತಾಳೆ. ಅವಳು ಬಿಟ್ಟವಳೆ, ನನ್ ಕೈಲಿ ಬಿಡಕ್ಕಾಗ್ತಿಲ್ಲ.”

ಇವತ್ತಿನ ಇಕ್ಕಟ್ಟಿಗೆ ಮಾತ್ರ ಯಾವ ಕಚೇರಿಯೂ ಕಾರಣವಲ್ಲ, ಸ್ವತಃ ಸಣ್ಣಮ್ಮನೇ ಕಾರಣ. ಅಮಾವಾಸ್ಯೆ ತಮಿಳರಿಗೆ ಒಳ್ಳೆಯ ದಿನ, ಅಂಗಡಿ ತೆರೆಯುವುದೂ ಕೆಲಸಕ್ಕೆ ಸೇರುವುದೂ ಅಂದೇ. ಅವರು ಹೆದರುವುದು ಅಷ್ಟಮಿ ನವಮಿಗೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಮಾವಾಸ್ಯೆ ಎಂದರೆ ಹೊಸ್ತಿಲು ದಾಟಲೂ ಯೋಚನೆ. ಸಣ್ಣಮ್ಮ ಇಷ್ಟು ವರ್ಷ ಇದನ್ನೇ ಬಂಡವಾಳ ಮಾಡಿಕೊಂಡಿದ್ದರು. ಅಷ್ಟಮಿಯಂದು ಖಾಲಿಯಿರುವ ಸಾಲಿಗೆ ಕನ್ನಡದ ಮನೆಗಳನ್ನು ನಿಲ್ಲಿಸುವುದು, ನಮ್ಮವರು ಬಿಟ್ಟ ಅಮಾವಾಸ್ಯೆಯ ತಾರೀಕನ್ನು ತಮಿಳು ಮನೆಗಳಿಗೆ ಕೊಡಿಸುವುದು. ಪಂಚಾಂಗದಿಂದ ಇಷ್ಟು ಲೌಕಿಕ ಲಾಭ ಪಡೆದವರು ಪುರೋಹಿತರಲ್ಲೂ ಕಡಿಮೆ.

ಶ್ರೀಯಾಳ ಪರೀಕ್ಷೆಗೆ ಈ ಸಲ ಮೊದಲು ಸಿಕ್ಕಿದ್ದು ಹಿಂದಿನ ವಾರದ ಅಮಾವಾಸ್ಯೆಯ ದಿನ. ಸೀತಾಳದು ಕನ್ನಡದ ಮನೆ, ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. ಸಣ್ಣಮ್ಮ ವಾದಿಸದೆ, ಕಾಡಿಬೇಡಿ ಇವತ್ತಿಗೆ ಬದಲಾಯಿಸಿಕೊಂಡು ಬಂದರು. ಮೂರು ದಿನದ ಹಿಂದೆ ಸಂದರ್ಶನದ ಸುದ್ದಿ ಬಂದು ಕೆಂಪು ಬೊಟ್ಟಿನ ಪಕ್ಕ ಕಪ್ಪು ಬೊಟ್ಟು ಕೂತಿತು. ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಇನ್ನೊಂದು ತಿಂಗಳು ಜಾಗವಿಲ್ಲ. “ಅತ್ತೆ ಮೇಲೆ ಹಾಕ್ಬುಡಬೋದು” ಎನ್ನುತ್ತಾರೆ ಸಣ್ಣಮ್ಮ, ಮಗುವಿನ ಗಲ್ಲ ಎತ್ತಿ ಹಿಡಿಯುತ್ತಾ. “ಆದ್ರೆ ನಂಗೂ ಒಳಗೊಳಗೇ ಅಳುಕಿತ್ತು. ಅಮಾಸೆ ದಿನ ಮಗೀಗೆ ನಿದ್ದೆ ಔಷ್ದಿ ಕುಡ್ಸೋದಾ ಅಂತ. ಸುಮ್ನೆ ಒಪ್ಕೊಂಡೆ. ತೆಪ್ಪು ನಂದೇ.”

ಆಸ್ಪತ್ರೆ ಮುಟ್ಟುವವರೆಗೆ ಮಗು ಎಚ್ಚರವಿದೆ. ಒಂಬತ್ತಕ್ಕೆ ನರ್ಸ್ ನಿದ್ದೆಯ ಔಷಧಿ ಕುಡಿಸುತ್ತಾರೆ. ಇಷ್ಟು ಹೊತ್ತು ನಿದ್ದೆಗಾಗಿ ಒದ್ದಾಡಿದ ಹುಡುಗಿ, ಬಿಳಿ ಕೋಟು ಮತ್ತು ತಂತಿಗಳನ್ನು ಕಂಡದ್ದೇ ತಡ, ಕಣ್ಣು ಮುಚ್ಚಲೊಲ್ಲಳು. ಒಂಬತ್ತೂಕಾಲು. ಒಂಬತ್ತೂವರೆ. ಸೀತಾ ಗೋಡೆಯ ಗಡಿಯಾರವನ್ನೂ ಮಗಳ ಕಣ್ಣನ್ನೂ ಬಿಟ್ಟು ಬೇರೇನೂ ನೋಡುತ್ತಿಲ್ಲ. ಕೊನೆಗೆ ಮಗುವಿನ ಕೆನ್ನೆಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಮೆಲ್ಲಗೆ ಜೋಗುಳ ಹಾಡತೊಡಗುತ್ತಾಳೆ. ಕೇಳಿಸದ ಮಗುವಿಗೆ ಹಾಡು ಗಂಟಲಿನ ಕಂಪನದಲ್ಲಿ ಸಿಗುತ್ತದೆಯಂತೆ. ಒಂಬತ್ತು ನಲವತ್ತಕ್ಕೆ ಶ್ರೀಯಾ ನಿದ್ದೆಹೋಗುತ್ತಾಳೆ.

ಈಗ ಹೊರಟರೆ ಸೀತಾ ಹನ್ನೊಂದಕ್ಕೆ ತಲುಪಬಹುದು. ಆದರೆ ಔಷಧಿ ಕುಡಿದ ಮಗು ಏಳುವವರೆಗೆ ತಾಯಿ ಅಥವಾ ತಂದೆ ಪಕ್ಕದಲ್ಲಿರಲೇಬೇಕು. ನರ್ಸ್ ಅದನ್ನು ಗಟ್ಟಿಯಾಗಿ ಹೇಳುತ್ತಾರೆ, ಹೇಳುವುದರಲ್ಲಿ ನ್ಯಾಯವೂ ಇದೆ. ತಂದೆ ಉಪೇಂದ್ರ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಒಂಬತ್ತೂವರೆಗೆ ಬರುತ್ತೇನೆಂದಿದ್ದವನ ಫೋನು ಬರೀ ರಿಂಗಾಗುತ್ತಿದೆ. ಅವನ ಯಜಮಾನನ ಹತ್ತಿರ ಸಣ್ಣಮ್ಮ ಮೂರು ಸಲ ಹೋಗಿ ಅರ್ಧ ದಿನದ ರಜೆ ಕೇಳಿ ಬಂದಿದ್ದಾರೆ. ಒಪ್ಪಿದ್ದ ಯಜಮಾನ ಈಗ ಕೈಕೊಟ್ಟನೋ ಏನೋ. ತರಬೇತಿ ಕೇಂದ್ರದ ಗುರುಚರಣರಿಗೆ ಫೋನು ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿ, ಸಂದರ್ಶನದ ಪಟ್ಟಿಯಲ್ಲಿ ಸೀತಾಳ ಹೆಸರನ್ನು ಕೊನೆಗೆ ಹಾಕಿಸಲು ಸಾಧ್ಯವೇ ಎಂದು ಕೇಳುತ್ತಾರೆ. ಪಟ್ಟಿ ತನ್ನ ಕೈಯಲ್ಲಿಲ್ಲ, ಕೇಳಿ ನೋಡುತ್ತೇನೆ ಎಂಬ ಉತ್ತರ ಬರುತ್ತದೆ.

ಹತ್ತೂ ಐದಕ್ಕೆ ಉಪೇಂದ್ರ ಓಡಿ ಬರುತ್ತಾನೆ, ಪ್ಯಾಂಟು ಮಂಡಿಯವರೆಗೆ ಒದ್ದೆ. ಪೈಪು ಒಡೆದು ತಡವಾಯಿತಂತೆ. ಬೈಯಲು ಯಾರಿಗೂ ಪುರುಸೊತ್ತಿಲ್ಲ. ಆಗ ಸೀತಾ ಏಳುವುದೇ ಇಲ್ಲ. ಎದ್ದಾಗ ನಾನಿಲ್ಲದಿದ್ದರೆ ಹೆದರುತ್ತಾಳೆ ಎಂದು ಮಂಚದ ಕಂಬಿ ಹಿಡಿದು ಕೂತಿದ್ದಾಳೆ.

“ಎದ್ದಾಗ ಅವರಪ್ಪ ಇರ್ತಾನೆ, ನಾನಿರ್ತೀನಿ. ಹೋಗವ್ವ” ಎನ್ನುತ್ತಾರೆ ಸಣ್ಣಮ್ಮ. “ನನ್ ಮಗಳು ಹಿಂಗೇ ಒಂದು ಮಂಚದ ಪಕ್ಕ ಕೂತೋಳು, ಎದ್ದಿದ್ದು ನಾಲ್ಕು ವರ್ಷಕ್ಕೆ.”

ಸೀತಾ ಎದ್ದು, ಹಿಂತಿರುಗಿ ನೋಡದೆ ಹೋಗುತ್ತಾಳೆ.

ಮುಂದಿನ ಮುಕ್ಕಾಲು ಗಂಟೆ ಸಣ್ಣಮ್ಮ ಮುಚ್ಚಿದ ಬಾಗಿಲ ಮುಂದೆ ಮುಳ್ಳಿನ ಮೇಲೆ ಕೂತಂತೆ ಕೂತಿದ್ದಾರೆ. ಯಾರಾದರೂ ಕೆಮ್ಮಿದರೂ ಮಗು ಎದ್ದೀತೆಂಬ ಭಯ. ಹತ್ತೂ ಐವತ್ತೈದಕ್ಕೆ ಬಾಗಿಲು ತೆರೆದು ಚೀಟಿ ಕೈಗೆ ಬರುತ್ತದೆ. ಅದರ ಮೇಲಿನ ಸೀಲನ್ನು ಮೂರು ಸಲ ನೋಡಿ, ತಾವೇ ಫೈಲಿಗೆ ಸೇರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ಉಪೇಂದ್ರ ಏನು ಮಾಡಬೇಕೆಂದು ತಿಳಿಯದೆ ಅವರಿಗೆ ನೀರಿನ ಬಾಟಲಿ ಹಿಡಿದು ನಿಂತಿದ್ದಾನೆ. ಎಚ್ಚರವಾದ ಶ್ರೀಯಾ ಅಮ್ಮನಿಗಾಗಿ ಸುತ್ತ ನೋಡಿ, ಅತ್ತು, ಆಮೇಲೆ ಅಪ್ಪನ ಒದ್ದೆ ಪ್ಯಾಂಟನ್ನು ಬೆರಳು ಮಾಡಿ ತೋರಿಸಿ ನಗುತ್ತಾಳೆ.

ಒಂದೂಕಾಲಕ್ಕೆ ಸೀತಾಳ ಫೋನು. ತಲುಪಿದ್ದು ಹನ್ನೊಂದೂ ಇಪ್ಪತ್ತಕ್ಕೆ, ಹೆಸರು ಕೊನೆಗಿತ್ತು, ಎಂಟು ಜನರಲ್ಲಿ ಅವಳೂ ಒಬ್ಬಳು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದು ಸೇರಬೇಕು, ಮೊದಲ ದಿನ ತಪ್ಪಿಸಿದರೆ ಮುಂದಿನವರಿಗೆ ಹೋಗುತ್ತದೆ. ಸಣ್ಣಮ್ಮ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಕೌಂಟರಿನಾಚೆಯಿಂದ ಮುಂದಿನ ಚೀಟಿ ಬರುತ್ತದೆ. ಮಗುವಿಗೆ ಸ್ಕ್ಯಾನಿಂಗ್, ಸೋಮವಾರ ಬೆಳಿಗ್ಗೆ ಎಂಟಕ್ಕೆ, ತಂದೆ ಅಥವಾ ತಾಯಿ ಜೊತೆಗಿರಬೇಕು. ಉಪೇಂದ್ರ ತನ್ನ ಯಜಮಾನನನ್ನು ನೆನೆದು ತಲೆ ತಗ್ಗಿಸುತ್ತಾನೆ.

ಸಣ್ಣಮ್ಮ ಚೀಟಿ ಹಿಡಿದು ಮತ್ತೆ ಸಾಲಿನ ಕೊನೆಗೆ ನಿಲ್ಲುತ್ತಾರೆ, ಮುಂದೆ ನಲವತ್ತು ಜನ. ಅವರ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುತ್ತಾರೋ ಇಲ್ಲವೋ ಯಾರೂ ಹೇಳಿಲ್ಲ. ಏನಾದರೂ ಕೇಳಿಕೊಳ್ಳುವುದಿದ್ದರೆ ಏನು ಕೇಳುತ್ತೀರಿ ಎಂದರೆ ಸಂಬಳದ ಮಾತೂ ಇಲ್ಲ, ಕಾಯಂ ಕೆಲಸದ ಮಾತೂ ಇಲ್ಲ. ಕೌಂಟರಿನ ಕಡೆ ಕೈ ತೋರಿಸುತ್ತಾರೆ.

“ತಾರೀಕು ಬರೆಯಕ್ಕೆ ಮುಂಚೆ ತಲೆ ಎತ್ತಿ ಒಂದ್ ಮಾತು ಕೇಳ್ಲಿ. ‘ಅವತ್ತು ನಿಮ್ಗೆ ಬೇರೆ ಎಲ್ಲಾದ್ರೂ ಹೋಗೋದಿದ್ಯಾ ಅಮ್ಮಾ’ ಅಂತ. ಎಲ್ಲಾರೂ ಅಷ್ಟು ಕೇಳ್ಬುಟ್ರೆ ನನ್ ಕೆಲ್ಸ ಹೋಯ್ತದೆ. ಹೋಗ್ಲಿ.”