ಅಂಗಳಕ್ಕೆ ಕಾರು ತಂದವನು ನಾನು

ಹಳೇ ಬನಿಯನ್ನನ್ನು ಡೀಸೆಲ್‌ನಲ್ಲಿ ಅದ್ದಿ ಕಬ್ಬಿಣ ಒರೆಸಿದರೆ ಒಂದು ವಾಸನೆ ಬರುತ್ತದೆ. ಮೊನ್ನೆ ಮನೆಯ ಗೇಟಿನ ತುಕ್ಕು ತೆಗೆಯುವಾಗ ಆ ವಾಸನೆ ಮೂಗಿಗೆ ಬಡಿದು, ಕೊಪ್ಪಳದ ಪಕ್ಕದ ಭಾಗ್ಯನಗರದ ಗ್ಯಾರೇಜಿನ ಮೇಸ್ತ್ರಿ ಕಾಕಾ ನೆನಪಾದರು. ಕೆಲಸ ಅಲ್ಲಿಗೇ ಬಿಟ್ಟು ಒಳಗೆ ಬಂದು ಕೂತೆ.

ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರ ಹತ್ತಿರ ಎರಡು ಗಾಡಿಗಳಿದ್ದವು. ಒಂದು ಎತ್ತರದ ಗಾಲಿಗಳ ಪಿಕಪ್. ಬೇವೂರಿನ ಎರೆಹೊಲದ ಕೆಸರಿನಲ್ಲಿ ಟ್ರ್ಯಾಕ್ಟರ್ ಹೂತರೆ ಇದು ಹೋಗಿ ಎಳೆದು ತರುತ್ತಿತ್ತು. ಇನ್ನೊಂದು, ಹೈದರಾಬಾದಿನ ಗುಜರಿಯಿಂದ ಅದೇ ಪಿಕಪ್ಪಿಗೆ ಕಟ್ಟಿ ತಂದ ಜಪಾನಿನ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ನೆಲಕ್ಕೆ ತಾಗುವಂಥ ಸೀಟು, ಉದ್ದನೆಯ ಮೂತಿ. ಏಳು ವರ್ಷ ಅದರ ಒಂದೊಂದು ಬೋಲ್ಟನ್ನೂ ಬಿಚ್ಚಿ ಜೋಡಿಸಿದ್ದರು.

ನಾನು ಕಾರಿನ ಪಕ್ಷ. "ನಿಮ್ಮ ಪಿಕಪ್ ಕ್ವಾಣ ಇದ್ದಂಗ ಐತ್ರಿ ಕಾಕಾ" ಎಂದರೆ ನಗುತ್ತಿದ್ದರು.

"ಕ್ವಾಣಾನ ಕೆಲಸಕ್ಕ ಬರತೈತಿ ತಮ್ಮಾ. ಕಾರಿಗೆ ರಸ್ತಾ ಛಲೋ ಇರಬೇಕು. ಆದ್ರ ಇದನ್ನ ಹೊಡಿಯುವಾಗ ನನಗ ವಯಸ್ಸ ಆಗಿದ್ದು ಮರತ ಹೋಗತೈತಿ."

ಕುಷ್ಟಗಿಯ ಹೆದ್ದಾರಿಯಲ್ಲಿ ಒಮ್ಮೆ ಕೂರಿಸಿಕೊಂಡು ಹೋಗಿದ್ದರು. ಮಾತೇ ಕಡಿಮೆಯಿದ್ದ ಮನುಷ್ಯ ಅಂದು ದಾರಿಯುದ್ದಕ್ಕೂ ಸಿಳ್ಳೆ ಹಾಕಿದರು...

ಆಮೇಲೆ ಒಂದು ದಿನ ಅವರ ಮಗಳನ್ನು ನೋಡಲು ತಳಕಲ್ ಕಡೆಯವರು ಬರುವವರಿದ್ದರು. ಕನ್ಯಾ ನೋಡಲು ಬಂದವರು ಕನ್ಯಾಕ್ಕಿಂತ ಮೊದಲು ಅಂಗಳ ನೋಡುತ್ತಾರೆ. ಅಲ್ಲಿ ಎಂದಿನಂತೆ ಪಿಕಪ್ ನಿಂತಿತ್ತು. ಹುಡುಗಿ ಒಳಗೆ ಸೀರೆ ಉಡುತ್ತಿದ್ದಳು. ಶಾಣ್ಯಾತನ ತೋರಿಸಲು ಹೋದವನು ನಾನು.

"ಈ ಮಣ್ಣು ಮೆತ್ತಿದ ಗಾಡಿ ನೋಡಿ ಏನಂದಾರು? ಇದನ್ನ ಹಿತ್ತಲಕ್ಕ ಹಚ್ಚರಿ, ಕಾರು ಮುಂದ ತರ್ರಿ."

ಕಾಕಾ ಹಿಂದೆಮುಂದೆ ನೋಡಿದರು. ಚಾವಿ ಕಸಿದುಕೊಂಡು ನಾನೇ ಕಾರು ತಂದು ನಿಲ್ಲಿಸಿದೆ.

ಬಂದವರು ಚಹಾ ಕುಡಿದರು, ಹುಡುಗಿ ಒಪ್ಪಿಗೆ ಎಂದರು. ಹೊರಡುವಾಗ ಹುಡುಗನ ಅಪ್ಪ ಕಾರಿನ ಮೇಲೆ ಕೈಯಾಡಿಸಿದ. "ನಾವು ಬ್ಯಾರೇನೂ ಕೇಳಾಂಗಿಲ್ರಿ. ಹುಡುಗನ ಮನಸ್ಸಿಗೆ ಇದು ಬಂದೈತಿ, ಇದನ್ನ ಕೊಟ್ಟಬಿಡ್ರಿ."

ಒಕ್ಕಲುತನದ ಆ ಮನೆಗೆ ಉಪಯೋಗಕ್ಕೆ ಬರುತ್ತಿದ್ದದ್ದು ಪಿಕಪ್. ಅದು ಅವರ ಕಣ್ಣಿಗೇ ಬೀಳಲಿಲ್ಲ. ಮಗಳಿಗೆ ಹುಡುಗ ಹಿಡಿಸಿದ್ದ. ಕಾಕಾ ಅವಳ ಮುಖ ನೋಡಿ ಹೂಂ ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮೊದಲ ಮಳೆಗೇ ಆ ಊರಿನ ಹೊಲದ ದಾರಿಯಲ್ಲಿ ಕಾರು ಹೊಟ್ಟೆಯವರೆಗೆ ಹೂತುಹೋಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಜಗ್ಗಿ ಮುಂಭಾಗ ಮುರಿದರು. ಆಮೇಲೆ ಅದು ಕಣದಲ್ಲಿ ಬಿದ್ದಿತ್ತು, ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ರಿಪೇರಿ ಮಾಡಿಕೊಡುತ್ತೇನೆಂದು ಕಾಕಾ ಪಿಕಪ್ ತೆಗೆದುಕೊಂಡು ಹೋದರೆ, "ಕೊಟ್ಟದ್ದನ್ನ ತಿರುಗಿ ಒಯ್ಯಾಕ ಬಂದಾರ" ಅಂದರಂತೆ ಬೀಗರು. ಬರಿಗೈಯಲ್ಲಿ ಬಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ...

ಕಾಕಾ ಹೋಗಿ ಎರಡು ವರ್ಷವಾಯಿತು. ನಿನ್ನೆ ಅವರ ಮಗಳು ಕೊಪ್ಪಳದ ಬಸ್ ನಿಲ್ದಾಣದಲ್ಲಿ ಸಿಕ್ಕಳು.

"ಅಪ್ಪಗ ಆ ಕಾರಂದ್ರ ಜೀವ ಇತ್ತಣ್ಣ. ಅವತ್ತ ಅದನ್ನ ಯಾಕ ಮುಂದ ನಿಲ್ಲಿಸಿದಿ ಅಂತ ಕಡೀತನಕ ಜಗಳ ತಗದೆ. 'ನಂದ ತಪ್ಪು, ನಾನ ನಿಲ್ಲಿಸಿದೆ' ಅಂತಿದ್ದ."

ಹೇಳಬೇಕಿತ್ತು. ಮಾತು ನಾಲಿಗೆಯ ತನಕ ಬಂದಿತ್ತು.

"ಹೌದವಾ," ಅಂದೆ, "ಕಾಕಾ ಹಂಗ ಮಾಡಬಾರದಿತ್ತು."