ಪ್ರಿಂಟ್‌ಔಟಿನಲ್ಲಿ ಇಲ್ಲದ ಸೊನ್ನೆ

ಕಪಾಟಿನ ತಳಕ್ಕೆ ಹಾಸಿದ್ದ ಕಾಗದ ಎಳೆದಾಗ ನುಸಿಗುಳಿಗೆಯ ವಾಸನೆಯೊಂದಿಗೆ ಅದೂ ಬಂತು. ಎರಡೂ ಅಂಚಿಗೆ ತೂತುಗಳಿದ್ದ ಹಳೇ ಕಂಪ್ಯೂಟರ್ ಪ್ರಿಂಟ್‌ಔಟ್. ಒಂದು ಸಮೀಕರಣ, ಕೆಳಗೆ ಒಂದೇ ಸಾಲಿನ ಉತ್ತರ. ನಾನು ಒಬ್ಬರ ಮೇಲೆ ಹೊರಿಸಿದ ತಪ್ಪಿನ ಸಾಕ್ಷಿ ಅದು...

ಪುತ್ತೂರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ನನ್ನ ಕೊನೆಯ ವರ್ಷಗಳು. ಬೆಳ್ಳಾರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಕಂಪ್ಯೂಟರ್ ಲ್ಯಾಬಿನ ಮಾಸ್ಟ್ರು ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸುವ ಸಾಫ್ಟ್‌ವೇರ್ ತಂದು ಹಾಕಿದ್ದರು. ಉತ್ತರ ಅಂಕಿಯಲ್ಲಲ್ಲ, ಸೂತ್ರವಾಗಿಯೇ ಬರುತ್ತಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ಪ್ರತಿ ಸ್ಟೆಪ್ ಬರೆಸಿ ಬೆಳೆಸಿದವಳು ನಾನು. ಸ್ಟೆಪ್ಪೇ ಇಲ್ಲದ ಉತ್ತರ ಕದ್ದ ಮಾಲಿನಂತೆ ಕಾಣುತ್ತಿತ್ತು. “ನಂಬ್ಲಿಕ್ಕೆ ಹೋಗ್ಬೇಡಿ ಮೇಡಂ. ಉತ್ತರವನ್ನು ವಾಪಸ್ ಈಕ್ವೇಶನಿಗೆ ಹಾಕಿ ನೋಡಿ. ನಾನೂ ಹಾಗೇ ಮಾಡುದು,” ಎನ್ನುತ್ತಿದ್ದರು ನಗುತ್ತಾ. ಆ ನಗುವನ್ನೂ ನಾನು ನಂಬಲಿಲ್ಲ.

ಆ ಸಲದ ಟೆಸ್ಟಿಗೆ ಪ್ರಶ್ನೆ ಅವರದ್ದು, ವ್ಯಾಲ್ಯುಯೇಶನ್ ನನ್ನದು. y′ = y², ಎಲ್ಲ ಪರಿಹಾರಗಳನ್ನು ಹುಡುಕಿ. ಕ್ಲಾಸಿನಲ್ಲಿ ನಾನು ಕಲಿಸಿದ್ದು −1/(x+C). ಕೊಲ್ಲಮೊಗ್ರಿನ ಹುಡುಗಿಯೊಬ್ಬಳು 1/(C₁−x) ಎಂದು ಬರೆದಿದ್ದಳು. ಅರ್ಥ ಒಂದೇ, ಆದರೆ ಆ ರೂಪ ಅವಳಿಗೆ ಎಲ್ಲಿಂದ ಬಂತು? ಊಟದ ಹೊತ್ತಿಗೆ ಅವಳು ಲ್ಯಾಬಿನಲ್ಲೇ ಇರುತ್ತಿದ್ದಳು. ಮುಂದೆ ಓದದೆ ಎದ್ದುಹೋಗಿ ಅದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಹಾಕಿದೆ. ಪ್ರಿಂಟ್‌ಔಟಿನಲ್ಲಿ ಅದೇ ಉತ್ತರ, C ಪಕ್ಕದ ಪುಟ್ಟ 1 ಸಮೇತ. ಅವಳ ಮಾರ್ಕ್ಸ್ ಕಡಿದು, ಮಾಸ್ಟ್ರು ಪ್ರಶ್ನೆಯನ್ನು ಅವಳಿಗೆ ಮೊದಲೇ ಹೇಳಿಕೊಟ್ಟಿದ್ದಾರೆಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ.

ಮರುದಿನ ಮಾಸ್ಟ್ರು ಲ್ಯಾಬಿನ ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟರು. “ಅನುಮಾನ ಉಂಟಾದ್ರೆ ನನ್ನ ಹತ್ರ ಕೇಳ್ಬಹುದಿತ್ತಲ್ಲ ಮಾರಾಯ್ರೆ.” ಮತ್ತೆ ಕಾಲೇಜಿಗೆ ಬರಲಿಲ್ಲ.

ರಜೆಯಲ್ಲಿ ಪೇಪರ್ ಕಟ್ಟುವಾಗ ಆ ಹುಡುಗಿಯ ಹಾಳೆ ಮಗುಚಿತು. ಹಿಂಬದಿಯಲ್ಲಿ y = 0 ಎಂದಿತ್ತು; ಅದನ್ನು ಈಕ್ವೇಶನಿಗೆ ವಾಪಸ್ ಹಾಕಿ ತಾಳೆ ನೋಡಿದ್ದೂ ಇತ್ತು. y² ಇಂದ ಭಾಗಿಸುವಾಗ ಜಾರಿಹೋಗುವ ಉತ್ತರ ಅದು; ಸೊನ್ನೆಯಿಂದ ಭಾಗಿಸುವಂತಿಲ್ಲವಲ್ಲ. ಕಂಪ್ಯೂಟರ್ ಅದನ್ನು ಬಿಟ್ಟಿತ್ತು. ನಾನೂ ಕಲಿಸಿರಲಿಲ್ಲ. ಕಂಪ್ಯೂಟರಿನಿಂದ ಕಾಪಿ ಮಾಡಿದವಳಿಗೆ ಅದು ಸಿಗುತ್ತಿರಲಿಲ್ಲ; ಲ್ಯಾಬಿನಲ್ಲಿ ಅವಳು ಕಲಿತದ್ದು ವಾಪಸ್ ಹಾಕಿ ನೋಡುವ ಮಾಸ್ಟ್ರ ಕ್ರಮವನ್ನು. ‘ಎಲ್ಲ’ ಎಂದು ಮಾಸ್ಟ್ರು ಯಾಕೆ ಕೇಳಿದ್ದರೆಂದು ಆಗ ಹೊಳೆಯಿತು.

ಹುಡುಗಿಯ ಮಾರ್ಕ್ಸ್ ಸರಿಮಾಡಿದೆ. ಬೆಳ್ಳಾರೆಯ ಬಸ್ಸಿಗೆಂದು ಎಷ್ಟು ಸಲ ಸ್ಟ್ಯಾಂಡಿನವರೆಗೆ ಹೋದೆನೋ... ಹತ್ತಲಿಲ್ಲ. ಹೋದ ವರ್ಷ ಅವರು ತೀರಿಕೊಂಡರಂತೆ.

ಇವತ್ತು ತಂಗಿಯ ಮೊಮ್ಮಗಳ ಫೋನಿಗೆ ಅದೇ ಪ್ರಶ್ನೆ ಹಾಕಿಸಿದೆ. ಎರಡೂ ಉತ್ತರ ಬಂತು. ಆದರೂ ಪೆನ್ಸಿಲ್ ಹಿಡಿದು ಒಂದೊಂದನ್ನೂ ವಾಪಸ್ ಹಾಕಿ ನೋಡಿದೆ. ಸರಿಯಿತ್ತು. ಆಮೇಲೆ ಹಳೇ ಪ್ರಿಂಟ್‌ಔಟಿನ ಕೆಳಗೆ ಆ ಬಿಟ್ಟುಹೋದ ಸಾಲನ್ನು ಬರೆದೆ. ತೋರಿಸಬೇಕಾದವರು ಬೆಳ್ಳಾರೆಯಲ್ಲಿ ಈಗ ಇಲ್ಲ.