ತೊಟ್ಟಲ ಒಯ್ಯಬೇಕಾಗಿದ್ದ ಗಾಡಿ

ನಮ್ಮ ಮೊಮ್ಮಗಳು ಇನ್ನೂ ನಮ್ಮ ಮನ್ಯಾಗೇ ಅದಾಳ. ಜೇವರ್ಗಿಗೆ ಅಪ್ಪನ ಮನಿಗೆ ಹೋಗಬೇಕಾದಾಕಿ ಆಳಂದದಾಗೇ ಉಳದಾಳ. ನಾ ಇದನ್ನ ಬರೆಯೂ ಹೊತ್ತಿನ್ಯಾಗ ಪಡಸಾಲ್ಯಾಗ ಕೌದಿ ಮ್ಯಾಲ ಅಂಗಾತ ಮಲಗಿ, ಕಾಲು ಝಾಡಸ್ಕೊಂತ, ಫ್ಯಾನಿಗೆ ಏನೇನೋ ಬೈಯಾಕತ್ತಾಳ. ಹಲ್ಲಿಲ್ಲದ ಬಾಯಿಲೆ ಎಷ್ಟು ಬೈತಾಳಂದ್ರ, ಹಲ್ಲು ಬಂದ ಮ್ಯಾಲ ಊರು ಉಳಿಯಂಗಿಲ್ಲ. ತೊಡಿ ನೋಡಿದ್ರ ಹೊಸಾ ಬೆಣ್ಣಿ ಉಂಡಿ. ನಾ ನೋಡಿ ನೋಡಿ ಒಲಿ ಮ್ಯಾಲಿನ ಹಾಲು ಉಕ್ಕಿಸಿದ್ದು ಲೆಕ್ಕಿಲ್ಲ.

ನಾ ನಾಲ್ಕನೇ ಇಯತ್ತೆ ತನಕ ಓದಿದಾಕಿ. ಒತ್ತು ದೀರ್ಘ ತಪ್ಪಿದ್ರ ನೀವೇ ತಿದ್ದಿಕೊಳ್ರಿ. ಖುಷಿ ಹೊಟ್ಯಾಗ ಹಿಡಿಯವಲ್ದು ಅಂತ ಬರೆಯಾಕ ಕುಂತೇನಿ. ಆದ್ರ ಕೂಸು ಯಾಕ ಉಳದಾಳ ಅಂತ ಹೇಳಬೇಕಂದ್ರ ನಮ್ಮ ಮನಿಯವರ ಗಾಡಿ ಮಾತು ಬರತದ. ಗಾಡಿ ಮಾತು ಬಂತಂದ್ರ ಕಣ್ಣಿನ ಮಾತೂ ಬರತದ.

ನಮ್ಮ ಮನಿಯವರು ಒಂದು ಕಾಲಕ್ಕ ಫಟಫಟಿ, ಅದೇ ಮೋಟರ್ ಸೈಕಲ್, ರೇಸಿನ್ಯಾಗ ದೊಡ್ಡ ಹೆಸರು. ಸೋಲಾಪುರ, ಹೈದರಾಬಾದು, ಪುಣೆ, ಎಲ್ಲಿ ಹೋದ್ರೂ ಗೆದ್ದ ಕಪ್ಪು ಹಿಡ್ಕೊಂಡೇ ಬರಾವರು. ಕಲ್ತದ್ದು ಮಾತ್ರ ಅಫಜಲಪುರದ ಹತ್ರ, ಬ್ಯಾಸಗ್ಯಾಗ ಬತ್ತಿದ ಭೀಮಾ ನದಿ ಉಸುಕಿನ್ಯಾಗ. ನನ್ನ ತವರು ಅದೇ ಕಡಿ. ಹೊಳ್ಯಾಗ ಉಳಿದ ಮಡುವಿಗೆ ಬಟ್ಟಿ ಒಗೆಯಾಕ ಹೋದಾಗ ಇವರು ಉಸುಕು ಹಾರಸ್ಕೊಂತ ಸುತ್ತು ಹೊಡಿತಿದ್ದರು. ನನ್ನ ಒಗದ ಸೀರಿ ತುಂಬ ಉಸುಕು. ನಾ ಬೈದೆ. ಅವರು ಗಾಡಿ ನಿಲ್ಲಿಸಿ, "ಮತ್ತ ಒಗದು ಕೊಡಲೇನು?" ಅಂದರು. ಅಲ್ಲಿಂದ ಶುರುವಾದ ಸಂಸಾರ ನಮ್ದು. ಸೀರಿ ಮಾತ್ರ ಇವತ್ತಿನ ತನಕ ಒಗದಿಲ್ಲ.

ರೇಸು ಬಿಟ್ಟ ಮ್ಯಾಲ ಹಳೇ ಗಾಡಿ ಹುಚ್ಚು ಹತ್ತಿತು. ಮಂದಿ ಗುಜರಿಗೆ ಹಾಕಿದ್ದು ಇವರ ಅಂಗಳಕ್ಕ ಬರೂದು. ಎಲ್ಲಾದರಾಗೂ ಜೀವದ ಗಾಡಿ ಅಂದ್ರ ಒಂದೇ. ಮಿಲಿಟರಿಯವರು ಹರಾಜು ಹಾಕಿದ ಲಿಲಾವಿನ್ಯಾಗ ಸಿಕ್ಕದ್ದು, ಬಾಜೂಕ ಒಬ್ಬರು ಕೂಡೂ ಡಬ್ಬಿ ಹಚ್ಚಿದ್ದು. ಮದಲನೇ ದಿನ ಅದನ್ನ ಓಡಸಾಕ ಹೋಗಿ, ಅಷ್ಟು ದೊಡ್ಡ ಚಾಂಪಿಯನ್ನು, ಸೀದಾ ತೊಗರಿ ಹೊಲದಾಗ ಹೋಗಿ ನಿಂತರು. ರೇಸಿನ ಗಾಡಿ ತಿರುವಬೇಕಂದ್ರ ಮೈ ವಾಲಸಬೇಕಂತ. ಡಬ್ಬಿ ಹಚ್ಚಿದ ಗಾಡಿ ವಾಲಂಗೇ ಇಲ್ಲ, ಹ್ಯಾಂಡಲ್ ಹಿಡಿದು ಎಳೀಬೇಕು. ಕೈಗೆ ಕೂತ ರೂಢಿ ಅವರನ್ನ ಹೊಲಕ್ಕ ಒಯ್ದಿತ್ತು.

"ಗಾಡಿದು ತಪ್ಪಿಲ್ಲಬೇ, ನಂದೇ ತಪ್ಪು," ಅಂತ ಅದರ ಟ್ಯಾಂಕಿ ಸವರಿದರು. ನನ್ನ ಸಂಗಾಟ ಜಗಳಾದಾಗ ಒಮ್ಮಿನೂ ಹಂಗ ಅಂದಿದ್ದಿಲ್ಲ ಪುಣ್ಯಾತ್ಮ.

ಇದ್ದ ಒಬ್ಬಾಕಿ ಮಗಳು ಬಸುರಾಗಿ ತವರಿಗೆ ಬಂದಾಗ ಇವರದು ಒಂದೇ ಮಾತು. "ನನ್ನ ಮೊಮ್ಮಗುವಿನ ತೊಟ್ಟಲ ಜೇವರ್ಗಿಗೆ ನನ್ನ ಗಾಡಿ ಡಬ್ಬಿನ್ಯಾಗ ಹೋಗತದ. ನಾನೇ ಓಡಸ್ತೇನಿ." ನಮ್ಮ ಕಡಿ ಬಾಣಂತಿನ್ನ ಕಳಸೂವಾಗ ತೊಟ್ಟಲ ತವರಿಂದ ಕೊಡೂದು ಪದ್ಧತಿ. ತೊಟ್ಟಲ ಮುಂದ, ಕೂಸು ಹಿಂದ.

ಆದ್ರ ಅಷ್ಟರಾಗ ಸಕ್ಕರಿ ಬ್ಯಾನಿ ಇವರ ಕಣ್ಣು ತಿಂದಿತ್ತು. ಕಲಬುರಗಿ ಡಾಕ್ಟರು, ಕಣ್ಣಿನ ಹಿಂದಿನ ಪರದೆ ಹಾಳಾಗೇದ, ಹೋದದ್ದು ತಿರುಗಿ ಬರಂಗಿಲ್ಲ ಅಂದರು. ತಿರುಗಿ ಬರೂವಾಗ ಬಸ್ಸು ಕಡಗಂಚಿ ದಾಟಿದ ಮ್ಯಾಲ ಇವರು ನನ್ನ ಕಡಿ ವಾಲಿದರು. ಆಮ್ಯಾಲ ಮೆಲ್ಲಕ ಅಂದರು: "ಯಾರಿಗೂ ಹೇಳಬ್ಯಾಡ. ಹೇಳಿದ್ರ ಗಾಡಿ ಮುಟ್ಟಾಕ ಬಿಡಂಗಿಲ್ಲ."

ನಾ ಹೇಳಲಿಲ್ಲ. ಅಂಗಳಕ್ಕ ಯಾರರೆ ಬಂದ್ರ, "ಹಿರೋಳ್ಳಿ ಕಾಕಾ ಬಂದಾರ" ಅಂತ ಕಿವ್ಯಾಗ ಉಸುರತಿದ್ದೆ. ಇವರು ಕೂಡ್ಲೆ, "ಬರ್ರಿ ಕಾಕಾ, ಬರ್ರಿ" ಅನ್ನಾವರು. ಯಾರಿಗೂ, ಮನ್ಯಾಗಿದ್ದ ಮಗಳಿಗೂ, ಸಂಶೆ ಬರಲಿಲ್ಲ. ಕೂಸು ಹುಟ್ಟಿದ ದಿನ ಆಕಿನ್ನ ಎತ್ಕೊಂಡು ಬೆರಳಿಲೆ ಹಣಿ, ಗದ್ದ, ಕಿವಿ ಮುಟ್ಟಿ ಮುಟ್ಟಿ ನೋಡಿದರು.

"ಮೂಗು ಯಾರದಬೇ?"

"ನಂದ್ರಿ."

"ಅಯ್ಯೋ ಪಾಪ ಹುಡುಗಿ!"

ಎಲ್ಲಾರೂ ನಕ್ಕರು. ನಾನೂ ನಕ್ಕೆ. ಅಡಗಿ ಮನಿಗೆ ಹೋಗಿ ಸೆರಗು ಬಾಯಾಗ ತುರಕ್ಕೊಂಡೆ.

ತೊಟ್ಟಲ ಕಳಸೂ ದಿನ ಹತ್ರ ಬಂದಂಗ ಗಾಡಿ ಬಿಚ್ಚಿದರು. ನನ್ನ ರೊಟ್ಟಿ ಹಿಟ್ಟು ನಾದೂ ಪರಾತ ಕಸಗೊಂಡು, ಬಿಚ್ಚಿದ ನಟ್ಟು ವಾಶರ್ ಎಲ್ಲಾ ಬಿಚ್ಚಿದ ಸಾಲಿನಂಗ ಅಂಚಿಗುಂಟ ಇಟಗೊಂತ ಹೋಗೂದು, ಜೋಡಸೂವಾಗ ಅದೇ ದಾರಿ ತಿರುಗಿ ಬರೂದು. ಕಣ್ಣು ಬೇಕೇ ಆಗಲಿಲ್ಲ. ಬ್ರೇಕಿಗೆ ಹೊಸಾ ಪಟ್ಟಿ ಕೂಡಿಸಿ, ಗಾಲಿ ತಿರುಗಿಸಿ, ಹಿಡಿದು, ಮತ್ತ ತಿರುಗಿಸಿ, ಕಿವಿ ಹಚ್ಚಿ ಕೇಳಾವರು. "ಹಿಂಥಾ ಬ್ರೇಕ್ ಹೊಸಾ ಗಾಡಿಗೂ ಇಲ್ಲ ನೋಡು," ಅಂದರು. ನಾ ಹೇಳಿದೆ, "ಬ್ರೇಕ್ ಇದ್ರೇನ್ರಿ? ಎಲ್ಲಿ ಹಿಡೀಬೇಕು ಅಂಬೂದು ಕಾಣಬೇಕಲ್ಲ." ಅವರು ಗಾಲಿ ಮತ್ತೊಮ್ಮಿ ತಿರುಗಿಸಿದರು. ಓಣಿ ತಮ್ಮ ಅಂಗೈ ಇದ್ದಂಗ, ದೊಡ್ಡ ರಸ್ತೇಕ ಹೋದ ಮ್ಯಾಲ ಅಳಿಯನ ಕೈಗೆ ಕೊಡತೇನಿ ಅಂದರು. ಖರೇನೇ ಕೊಡತಿದ್ದರೋ ಇಲ್ಲೋ, ಆ ದೇವರಿಗೇ ಗೊತ್ತು.

ಆ ದಿನ ಜೇವರ್ಗಿಯಿಂದ ಬಾಡಗಿ ಕಾರು ಮಾಡ್ಕೊಂಡು ಅಳಿಯ, ಬೀಗತಿ ಬಂದರು. ಉಂಡದ್ದಾತು, ಉಡಿ ತುಂಬಿದ್ದಾತು. ಕೂಸಿನ ತಲಿಗೆ ಬೆಳ್ಳನ ಕುಂಚಿಗಿ ಕಟ್ಟಿ ಮಗಳು ಕಾರಿನ್ಯಾಗ ಕುಂತಳು. ತೊಟ್ಟಲ ಡಬ್ಬಿನ್ಯಾಗ ಹಗ್ಗಾ ಹಾಕಿ ಕಟ್ಟಿದರು. ಇವರು ಒಂದೇ ಒದಿಕಿಗೆ ಗಾಡಿ ಚಾಲೂ ಮಾಡಿದರು. ಓಣಿ ಮಂದಿ ಎಲ್ಲಾ ಹೊರಗ. ನಾ ಗಾಡಿ ಹಿಂದ ಹಿಂದ ಹೊಂಟೆ.

ಅಂಗಳ ದಾಟಿದರು. ಓಣ್ಯಾಗ ಹೊಳ್ಳಿದರು. ಬಾಜೂ ಮನಿಯವರು ಗೋಡಿ ಕಟ್ಟಾಕ ಅದೇ ಮುಂಜಾನಿ ಒಂದು ಗುಂಪಿ ಜಲ್ಲಿಕಲ್ಲಿನ ಖಡಿ ಇಳಿಸಿದ್ದರು. ಇವರು ಅಂಗೈ ಅಂದಿದ್ದ ಓಣ್ಯಾಗ ನಿನ್ನಿ ತನಕ ಆ ಗುಂಪಿ ಇರಲಿಲ್ಲ. "ಖಡಿ ಅದರೀ!" ಅಂತ ನಾ ಒದರೂದರಾಗ ಡಬ್ಬಿ ಗಾಲಿ ಖಡಿ ಮ್ಯಾಲ ಏರಿ, ಗಾಡಿ ಬಲಕ್ಕ ಓರಿ ಆಗಿ, ಹಗ್ಗ ಹರಿದು ತೊಟ್ಟಲ ಕೆಳಗ ಬಿತ್ತು. ತೊಟ್ಟಲದ ಒಂದು ಕಾಲು ಮುರಿಯಿತು. ಇವರಿಗೆ ಏನೂ ಆಗಲಿಲ್ಲ.

"ಬ್ರೇಕ್ ಹತ್ತಲಿಲ್ಲ," ಅಂದರು ಇವರು.

"ಹೌದ್ರಿ ಮಾವಾ, ಹಳೇ ಗಾಡಿ, ಬ್ರೇಕ್ ಹತ್ತೂದು ಕಠಿಣ," ಅಂದ ಅಳಿಯ. ಒಳ್ಳೇ ಹುಡುಗ, ಮಾನ ಉಳಸಾಕ ಅಂದದ್ದು. ಬೀಗತಿ, "ಇರಲಿ ಬಿಡ್ರಿ, ಕೂಸಿಗೆ ತಗಲಿದ್ದ ದೃಷ್ಟಿ ಹೋತು," ಅಂದರು. ನನಗ ಉಸುರು ಬಂತು. ಕಣ್ಣಿನ ಮಾತು ಒಳಗೇ ಉಳೀತು, ಅನಕೊಂಡೆ.

ಆದ್ರ ಮಂದಿ ಸುಮ್ಮಿರತಾರೇನು? "ಗುಜರಿಗೆ ಹಾಕ್ರಿ ಮುತ್ಯಾ, ಇದೇನು ಗಾಡೀನೋ ಯಮನ ಕ್ವಾಣೋ?" ಅಂದ ಒಬ್ಬಾಂವ. ಇನ್ನೊಬ್ಬಾಂವ ಗಾಲಿಗೆ ಕಾಲಿಲೆ ಒದ್ದು, "ಸತ್ತದ್ದಕ್ಕ ಎಣ್ಣಿ ಹಚ್ಚಾಕತ್ತಾರ," ಅಂತ ನಕ್ಕ.

ಆ ಒದ್ದ ಸಪ್ಪಳಕ್ಕ ಇವರ ಮಾರಿ ಹೊಳ್ಳಿತು.

"ಲೇ, ಕಾಲು ತಗೀಲೇ. ಬ್ರೇಕ್ ಛಲೋ ಅದ," ಅಂದರು. "ಗಾಡಿಗೆ ಏನೂ ಆಗಿಲ್ಲ. ನನಗ ಕಾಣಲಿಲ್ಲ."

ಒದ್ದಾಂವ ಕಾಲು ಹಿಂದಕ್ಕ ತಗೊಂಡ. ಇವರು ಮತ್ತ ಅಂದರು:

"ಖಡಿ ಕಾಣಲಿಲ್ಲ. ನಿಮ್ಮ ಯಾರ ಮಾರೀನೂ ಕಾಣಂಗಿಲ್ಲ. ಅಳಿಯಂದ್ರ, ನೀವು ನೂಕಿ ಬ್ರೇಕ್ ಹಿಡಿದು ನೋಡ್ರಿ. ಈ ಮಂದಿ ಮುಂದ ನೋಡ್ರಿ."

ಅಳಿಯ ನೂಕಿದ, ಹಿಡಿದ. ಗಾಡಿ ಇದ್ದಲ್ಲೇ ನಿಂತಿತು. "ಹತ್ತಾಕತ್ತದ್ರಿ ಮಾವಾ," ಅಂದ.

ಮಗಳು ಕೂಸಿನ್ನ ಎತ್ಕೊಂಡು ಕಾರಿಂದ ಇಳಿದು ಬಂದಳು. "ಯಪ್ಪಾ, ಯಾವಾಗಿಂದ? ಇಕಿ ಮಾರಿ ನೋಡಿಯಿಲ್ಲೋ ನೀ?"

"ಇಲ್ಲವ್ವಾ. ಇಕಿ ಬರೂದರಾಗ ಆಗಿಹೋಗಿತ್ತು. ಬೆಳ್ಳಗ ಏನೋ ಒಂದು ಕಾಣತದ, ಕುಂಚಿಗಿ ಇರಬೇಕು."

ಆಕಿ ನನ್ನ ಕಡಿ ನೋಡಿದಳು. ಆಮ್ಯಾಲ ಆಕಿ ಆ ಖಡಿ ಮ್ಯಾಲೇ ಕುಂತು, ಕೂಸಿನ್ನ ಅಪ್ಪನ ಕೈಯಾಗ ಇಟ್ಟಳು.

ಬೀಗತಿ ಮುಂದ ಬಂದು ಕುಂಚಿಗಿ ಬಿಚ್ಚಿದರು. ಆ ತಾಯಿ ಹೊಟ್ಟಿ ತಣ್ಣಗಿರಲಿ. "ಮುರಕ ತೊಟ್ಟಲ ನಮ್ಮ ಹೊಸ್ತಿಲ ದಾಟೂದು ಬ್ಯಾಡ. ಬಡಿಗ್ಯಾನ ಕಡಿಂದ ರಿಪೇರಿ ಆಗೂ ತನಕ ಕೂಸು ಇಲ್ಲೇ ಇರಲಿ. ಅಜ್ಜನ ಸಂಗಾಟ ಇನ್ನೊಂದಷ್ಟು ದಿನ ಆಡಲಿ," ಅಂದರು. ನನಗಾದ ಖುಷಿ, ಅದ್ರ ಸಂಗಾಟ ಆದ ಸಂಕಟ, ಎರಡನ್ನೂ ಬ್ಯಾರೆ ಮಾಡಿ ಬರೆಯಾಕ ನನಗ ಬರಂಗಿಲ್ಲ.

ಅಳಿಯ ಗಾಡಿ ಚಾಲೂ ಮಾಡಾಕ ಹೋದ. ಇವರು ಬ್ಯಾಡ ಅಂದರು. "ನೂಕಿಕೊಂಡೇ ಒಳಗ ಹಾಕ್ರಿ." ನಾಕು ಮಂದಿ ಸೇರಿ ನೂಕಿದರು. ಗಾಲಿಗೆ ಒದ್ದಿದ್ದಾಂವನೂ ಬಂದು ಕೈ ಹಚ್ಚಿದ. ಇವರು ಒಂದು ಕೈಯಾಗ ಕೂಸಿನ್ನ ಹಿಡ್ಕೊಂಡು, ಇನ್ನೊಂದು ಕೈ ಸೀಟಿನ ಮ್ಯಾಲ ಇಟಗೊಂಡು, ಗಾಡಿ ಸಂಗಾಟ ಒಳಗ ನಡದರು.